ಹಳದಿ ಚೀಟಿಯ ಪುಸ್ತಕ

ಹೋಬೋಕನ್ ಸ್ಟೇಷನ್ನಿನ ಮರದ ಬೆಂಚಿನಲ್ಲಿ ನದಿಯಾಚೆಯ ಮ್ಯಾನ್‌ಹಟನ್ನಿಗೆ ಹೋಗುವ ಫೆರಿ ದೋಣಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಅಮೆರಿಕನ್ ಹೆಂಗಸಿಗೆ ಫ್ಲಾಸ್ಕಿನ ಕಾಫಿ, ಕೋಡುಬಳೆ ಕೊಡಹೋದರೆ, "ನಾವು ಮಾರ್ಮನ್ ಪಂಥದ ಕ್ರೈಸ್ತರು, ಕಾಫಿ ಟೀ ಮುಟ್ಟೋದಿಲ್ಲ" ಎಂದು ಕೋಡುಬಳೆ ಮಾತ್ರ ತೆಗೆದುಕೊಂಡರು. ಅವರ ಮಡಿಲಲ್ಲಿ ದಪ್ಪ ಪುಸ್ತಕ, ಅದರ ತುಂಬ ಹಳದಿ ಚೀಟಿಗಳು. ತಮ್ಮ ಧರ್ಮಗ್ರಂಥದ ಪರವಾಗಿ ಜೀವನವಿಡೀ ವಾದಿಸಿದ ಇವರ ಗುರುಗಳು ಬರೆದದ್ದಂತೆ. ಆ ಗುರುಗಳು ತೀರಿಕೊಂಡು ತಿಂಗಳಾಗಿದೆ. ಇವತ್ತು ಮ್ಯಾನ್‌ಹಟನ್ನಿನಲ್ಲಿ ಸ್ಮರಣೆಯ ಸಭೆ, ಅದರಲ್ಲಿ ಇವರ ಮಾತೂ ಇದೆ.

"ಚೀಟಿ ಇಟ್ಟಿರೋದು ನಿಮಗೆ ಮೆಚ್ಚಿಗೆಯಾದ ಜಾಗಕ್ಕಾ?" ಎಂದೆ.

"ಅಲ್ಲ. ಗುರುಗಳು ಅಡಿಟಿಪ್ಪಣಿಯಲ್ಲಿ ಹೆಸರಿಸಿದ ಮೂಲದಲ್ಲಿ ಅವರು ಹೇಳಿದ ಮಾತೇ ಇಲ್ಲದ ಜಾಗಕ್ಕೆ. ಮೂಲ ತೆಗೆದು ನೋಡು ಅಂತ ಕಲಿಸಿದವರೂ ಅವರೇ. ನೋಡಿದೆ."

ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಸ್ಪೀಕರಿನಲ್ಲಿ ಸಭೆ ಏರ್ಪಡಿಸಿದ ಗಂಡಸಿನ ದನಿ: "ಸಿಸ್ಟರ್, ಒಳ್ಳೇದಷ್ಟೇ ಹೇಳಿ. ಇಲ್ಲಾಂದ್ರೆ ಬೇರೆಯವರಿಂದ ಮಾತಾಡಿಸ್ತೀವಿ."

"ನನಗೆ ಗ್ರೀಕ್ ಕಲಿಸಿದ್ದನ್ನೂ ಹೇಳ್ತೀನಿ, ಈ ಚೀಟಿಗಳ ವಿಷಯಾನೂ ಹೇಳ್ತೀನಿ. ಮೈಕ್ ಕೊಡದಿದ್ದರೆ ಪರವಾಗಿಲ್ಲ ಬ್ರದರ್, ನನ್ನ ಗಂಟಲು ಗಟ್ಟಿಯಾಗಿದೆ."

ನಾನು ಇನ್ನೊಂದು ಕೋಡುಬಳೆ ಕೊಟ್ಟೆ.

ಫೆರಿ ಬಂತು. ಅವರು ಎದ್ದ ರಭಸಕ್ಕೆ ಒಂದು ಚೀಟಿ ನೆಲಕ್ಕೆ ಬಿತ್ತು. ಎತ್ತಿಕೊಟ್ಟೆ. "ಇನ್ನೂರ ಹನ್ನೆರಡನೇ ಪುಟ" ಎನ್ನುತ್ತ ಅದನ್ನು ಮತ್ತೆ ಅಲ್ಲೇ ಸಿಕ್ಕಿಸಿ, ಕ್ಯೂನಲ್ಲಿ ನನಗಿಂತ ಮುಂದೆ ಹೋಗಿ ನಿಂತರು.