ಮುರುಗೇಶ್ ಆರಿಸಿಕೊಂಡ ರಾಮ್

ಮುರುಗೇಶ್ ಅವರ ಹತ್ತಿರ ಯಾವಾಗಲೂ ಎರಡು ಫೋನ್ ಇರುತ್ತಿದ್ದವು. ಒಂದು ಬದುಕಿರುತ್ತಿತ್ತು, ಇನ್ನೊಂದು ಸತ್ತಿರುತ್ತಿತ್ತು. ಯಾವುದು ಬದುಕಿದ್ದು, ಯಾವುದು ಸತ್ತಿದ್ದು ಅನ್ನುವುದು ವಾರದಿಂದ ವಾರಕ್ಕೆ ಬದಲಾಗುತ್ತಿತ್ತು ಅಷ್ಟೇ.

ನಾವಿಬ್ಬರೂ ಭದ್ರಾವತಿಯ ಒಂದೇ ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆವು. ಅವರದು ಕಾಮರ್ಸ್, ನನ್ನದು ಇತಿಹಾಸ. ಬೆಳಿಗ್ಗೆ ಅವರು ನವುಲೆಯಿಂದ, ನಾನು ರಾಗಿಗುಡ್ಡದಿಂದ ಶಿವಮೊಗ್ಗ ಬಸ್ ಸ್ಟ್ಯಾಂಡಿಗೆ ಬಂದು ಒಂದೇ ಬಸ್ಸು ಹತ್ತುತ್ತಿದ್ದೆವು. ಬಸ್ಸು ಹೊರಟ ಕೂಡಲೇ ಅವರು ಸತ್ತ ಫೋನನ್ನು ಹೊರತೆಗೆದು, ಪಕ್ಕದ ಎರಡು ಬಟನ್‌ಗಳನ್ನು ಒಟ್ಟಿಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಕೂರುತ್ತಿದ್ದರು. ನಾನೇನಾದರೂ ಹೇಳಲು ಹೋದರೆ, "ಶ್, ಮಾತಾಡ್ಬೇಡಿ ಮೇಡಂ, ಎದ್ದೇಳ್ತಾ ಇದೆ" ಅನ್ನುತ್ತಿದ್ದರು. ಪರದೆ ಮೇಲೆ ಬೆಳಕು ಬಂದರೆ ಆ ಇಡೀ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅವರದೇ ಟೀ. ಬಾರದಿದ್ದರೆ, "ಅಯ್ಯೋ ಕಡವುಳೇ" ಅಂತ ತಮಿಳಿನಲ್ಲಿ ದೇವರನ್ನು ಕರೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಅವರ ಹುಚ್ಚಿನ ಹೆಸರು ಕಸ್ಟಮ್ ರಾಮ್. ನಮ್ಮ ಸಂಸ್ಕೃತ ಮೇಷ್ಟ್ರು ಬಹಳ ದಿನ ಅದನ್ನು ಯಾವುದೋ ಭಜನಾ ಮಂಡಳಿ ಅಂದುಕೊಂಡಿದ್ದರು. ವಿಷಯ ಏನೆಂದರೆ, ಫೋನು ಕೊಳ್ಳುವಾಗ ಅದರೊಳಗೆ ಕಂಪನಿ ಹಾಕಿ ಕೊಟ್ಟಿರುವ ವ್ಯವಸ್ಥೆಯನ್ನು ಪೂರಾ ಅಳಿಸಿ, ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ಆಸಕ್ತರು ತಯಾರಿಸಿ ಪುಕ್ಕಟೆ ಹಂಚುವ ಬೇರೊಂದನ್ನು ತುಂಬುವುದು. ಕಂಪನಿ ಕೈಬಿಟ್ಟ ಹಳೇ ಫೋನು ಇದರಿಂದ ಹೊಸದರಂತೆ ಓಡಾಡಲೂಬಹುದು, ಕಲ್ಲಾಗಿ ಬೀಳಲೂಬಹುದು. ಇಷ್ಟೆಲ್ಲ ಯಾಕೆ ಸರ್ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಇದು:

"ಕಂಪನಿ ಕೊಟ್ಟಿದ್ದು ಕ್ವಾರ್ಟರ್ಸು ಮೇಡಂ. ಗೋಡೆಗೆ ಒಂದು ಮೊಳೆ ಹೊಡೀಬೇಕಂದ್ರೂ ಅವ್ರನ್ನ ಕೇಳ್ಬೇಕು. ನಾನು ಕ್ವಾರ್ಟರ್ಸಲ್ಲೇ ಹುಟ್ಟಿ ಬೆಳೆದೋನು, ನನಗೆ ಗೊತ್ತಿಲ್ವಾ?"

ಅವರ ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕುಲುಮೆಯ ಮುಂದೆ ಜೀವ ಸವೆಸಿದವರು. ನಿವೃತ್ತಿಯಾದ ಮೇಲೆ ಮನೆ ಖಾಲಿ ಮಾಡುವಾಗ ತಾನೇ ನೆಟ್ಟಿದ್ದ ನುಗ್ಗೆಮರದ ಕೆಳಗೆ ಸುಮ್ಮನೆ ನಿಂತುಬಿಟ್ಟಿದ್ದರಂತೆ. ಮುರುಗೇಶ್ ಅದನ್ನು ನಗುತ್ತಲೇ ಹೇಳುತ್ತಿದ್ದರು.

ರಾಮ್ ಆರಿಸುವುದು ಅವರಿಗೆ ಹಾಕುವುದಕ್ಕಿಂತ ಹೆಚ್ಚು ಇಷ್ಟ. ಒಂದೇ ಫೋನಿಗೆ ಹತ್ತಾರು ಬಗೆಯವು ಸಿಗುತ್ತವೆ. ಒಂದರಲ್ಲಿ ಬ್ಯಾಟರಿ ಬಾಳುತ್ತದೆ, ಒಂದರಲ್ಲಿ ಅಕ್ಷರ ಚಂದ, ಒಂದರಲ್ಲಿ ಎಲ್ಲವೂ ಸರಿ ಆದರೆ ಕರೆ ಬಂದಾಗ ಧ್ವನಿ ಇಲ್ಲ. ವಾರಗಟ್ಟಲೆ ಓದಿ, ಸೋಸಿ, ಬಿಟ್ಟು, ಮತ್ತೆ ಹಿಡಿದು ಒಂದಕ್ಕೆ ಬಂದು ನಿಲ್ಲುತ್ತಿದ್ದರು. "ಏನು ಚೆನ್ನಾಗಿದೆ ಅಂತ ಎಲ್ರೂ ಬರೀತಾರೆ ಮಾರಾಯ್ತಿ. ಏನು ಕೆಟ್ಟಿದೆ ಅಂತ ಯಾರು ಬರ್ದಿರ್ತಾರೋ, ಅವರದನ್ನ ಹಾಕ್ಕೊಬೇಕು." ತೀರಾ ಖುಷಿಯಾದಾಗ ಮಾತ್ರ ನಾನು ಮೇಡಂ ಹೋಗಿ ಮಾರಾಯ್ತಿ ಆಗುತ್ತಿದ್ದೆ.

ಒಮ್ಮೆ ನಮ್ಮ ಪ್ರಿನ್ಸಿಪಾಲರೂ ಆಸೆಪಟ್ಟು ತಮ್ಮ ಫೋನ್ ಕೊಟ್ಟರು. ಮುರುಗೇಶ್ ಎಂದಿನಂತೆ, "ಬ್ಯಾಕಪ್ ಇದೆಯಾ ಸರ್?" ಅಂತ ಕೇಳಿದರು. ಅವರು "ಇದೆ, ಇದೆ, ಸಂಜೇತನಕ ಬರುತ್ತೆ" ಅಂದರು. ಅವರು ಹೇಳಿದ್ದು ಬ್ಯಾಟರಿಯ ಬಗ್ಗೆ, ಫೋಟೋಗಳ ನಕಲಿನ ಬಗ್ಗೆ ಅಲ್ಲ ಅಂತ ತಿಳಿಯುವ ಹೊತ್ತಿಗೆ ಮೊಮ್ಮಗಳ ನಾಮಕರಣದ ಚಿತ್ರಗಳೆಲ್ಲ ಅಳಿಸಿಹೋಗಿದ್ದವು. ಪ್ರಿನ್ಸಿಪಾಲರು ಬಯ್ಯಲಿಲ್ಲ, ಕುರ್ಚಿಯಲ್ಲಿ ಕುಸಿದರು. ಮುಂದಿನ ರಜೆಗಳಲ್ಲಿ ಮುರುಗೇಶ್ ಸಾಗರ, ತೀರ್ಥಹಳ್ಳಿ ಅಂತ ಪ್ರಿನ್ಸಿಪಾಲರ ನೆಂಟರ ಮನೆಗಳಿಗೆಲ್ಲ ಹೋಗಿ, ಆ ದಿನ ಬಂದವರ ಫೋನುಗಳಲ್ಲಿದ್ದ ಚಿತ್ರಗಳನ್ನು ಬೇಡಿ ತಂದರು. "ಇಷ್ಟೊಂದು ಫೋಟೋ ನನ್ನ ಹತ್ರ ಮೊದಲೂ ಇರ್ಲಿಲ್ಲ ಕಣ್ರೀ" ಅಂದರು ಪ್ರಿನ್ಸಿಪಾಲರು. ಹೋದ ಮನೆಗಳಲ್ಲೆಲ್ಲ ಮುರುಗೇಶರಿಗೆ ಊಟ ಬಡಿಸಿದ್ದರಂತೆ. ಒಂದು ಮನೆಯಲ್ಲಿ ಇವರನ್ನೇ ಫೋಟೋಗ್ರಾಫರ್ ಅಂದುಕೊಂಡು ಮುಂದಿನ ಗೃಹಪ್ರವೇಶಕ್ಕೂ ಕರೆದರಂತೆ.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಅವರು ಫೋನನ್ನು ನನ್ನ ಕೈಗೆ ಕೊಟ್ಟರು. "ಇದರ ಬಟನ್ ಸ್ವಲ್ಪ ಬಿಗಿಯಾಗಿದೆ, ಎರಡೂ ಒಟ್ಟಿಗೆ ಒತ್ತಿ ಹಿಡೀರಿ ನೋಡೋಣ." ನಾನು ಒತ್ತಿದೆ. ಅದು ಸಲೀಸಾಗಿ ಒಳಗೆ ಹೋಯಿತು. ಅವರು ತಮ್ಮ ಬಲಗೈ ಹೆಬ್ಬೆರಳನ್ನು ಮಡಿಸಿ ಬಿಡಿಸಿ ನೋಡಿಕೊಂಡರು.

ಹೆಬ್ಬೆರಳಾದ ಮೇಲೆ ಮುಂಗೈ, ಆಮೇಲೆ ತೋಳು. ಬೋರ್ಡಿನ ಮೇಲೆ ಬರೆಯುವುದನ್ನು ಬಿಟ್ಟು ಬಾಯಲ್ಲೇ ಲೆಕ್ಕ ಹೇಳತೊಡಗಿದರು. ಹೆಂಡತಿ ಚಿತ್ರಾ ಮುರುಗೇಶರನ್ನು ದೊಡ್ಡ ಆಸ್ಪತ್ರೆಗಳಿಗೆಲ್ಲ ಕರೆದುಕೊಂಡು ಹೋದರು. ಎಲ್ಲ ಕಡೆ ಹೇಳಿದ್ದು ಒಂದೇ. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ, ಬುದ್ಧಿಗೆ ಏನೂ ಆಗುವುದಿಲ್ಲ, ವಾಸಿ ಮಾಡುವ ಔಷಧಿ ಇಲ್ಲ. ನಾನು ನವುಲೆಯ ಮನೆಗೆ ನೋಡಲು ಹೋದಾಗ ಚಿತ್ರಾ ಅಡುಗೆಮನೆಯಲ್ಲಿ ನಿಂತು ಹೇಳಿದರು: "ಎಲ್ಲ ಗೊತ್ತಾಗ್ತಾನೇ ಇರುತ್ತಂತೆ ಮೇಡಂ. ಕೊನೇತನಕ. ಅದೊಂದನ್ನ ಡಾಕ್ಟ್ರು ಒಳ್ಳೇ ಸುದ್ದಿ ಅನ್ನೋ ಹಾಗೆ ಹೇಳಿದ್ರು."

ನಾಲಿಗೆ ದಪ್ಪವಾಗತೊಡಗಿದಾಗ ಮುರುಗೇಶರೇ ದಾರಿ ಹುಡುಕಿದರು. ಈಚಿನ ಫೋನುಗಳಲ್ಲಿ ಒಂದು ಸೌಲಭ್ಯವಿದೆ. ಮುಂದಿನ ಕ್ಯಾಮೆರಾ ನಮ್ಮ ಮುಖ ನೋಡುತ್ತಿರುತ್ತದೆ. ಹುಬ್ಬು ಎತ್ತಿದರೆ ಅದನ್ನೇ ಬೆರಳಿನ ಒತ್ತು ಅಂತ ತಿಳಿಯುತ್ತದೆ. ಹಾಗೆ ಅಕ್ಷರ ಆರಿಸಿ ವಾಕ್ಯ ಮಾಡಿದರೆ ಫೋನು ಗಟ್ಟಿಯಾಗಿ ಓದಿ ಹೇಳುತ್ತದೆ. ಅವರ ಪ್ರೀತಿಯ ಫೋನಿಗೆ ಕಂಪನಿ ಅಷ್ಟು ಹೊಸ ವ್ಯವಸ್ಥೆ ಕೊಟ್ಟಿರಲಿಲ್ಲ. ರಾಮ್ ಹಾಕಿದರೆ ಮಾತ್ರ ಬರುತ್ತಿತ್ತು.

"ಹೊಸಾ ಫೋನೇ ತಂದ್ರೆ ಮುಗೀತಲ್ಲ" ಅಂದರು ಚಿತ್ರಾ. ನನಗೂ ಅದೇ ಸರಿ ಅನ್ನಿಸಿತು.

ಮುರುಗೇಶ್ ತಲೆಯಾಡಿಸಿದರು. ಒಂದೊಂದೇ ಮಾತನ್ನು ಕಲ್ಲು ಎತ್ತಿದ ಹಾಗೆ ಎತ್ತಿ ಹೇಳಿದರು: "ಡಾಕ್ಟ್ರು... ನನಗೆ ಆರಿಸ್ಕೊಳ್ಳೋಕೆ... ಏನೂ ಕೊಡ್ಲಿಲ್ಲ. ಇದೊಂದನ್ನ... ನಾನು ಆರಿಸ್ತೀನಿ."

ಅದಾದ ಮೇಲೆ ಹೊಸ ಫೋನಿನ ಮಾತು ಬಿಟ್ಟೆವು.

ಭಾನುವಾರಗಳಲ್ಲಿ ನಾನು ಹೋಗಿ ಅವರ ಪಕ್ಕ ಕೂತು, ಒಂದೊಂದು ರಾಮ್ ಬಗ್ಗೆ ಜನ ಬರೆದಿದ್ದನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದೂ ಸರಿಯಿರಲಿಲ್ಲ. ಬಹಳ ಗಟ್ಟಿಯಾದ ಒಂದರಲ್ಲಿ ಮುಂದಿನ ಕ್ಯಾಮೆರಾ ಕೆಲಸವೇ ಮಾಡುತ್ತಿರಲಿಲ್ಲ. ಮತ್ತೊಂದರಲ್ಲಿ ಕ್ಯಾಮೆರಾ ಇತ್ತು, ಕನ್ನಡ ಓದುವ ಧ್ವನಿ ಬರುತ್ತಿರಲಿಲ್ಲ. ಇನ್ನೊಂದರಲ್ಲಿ ಎರಡೂ ಇದ್ದವು, ಆದರೆ ಅದನ್ನು ಮಾಡಿದವರೇ ಮೊದಲ ಸಾಲಿನಲ್ಲಿ ಬರೆದಿದ್ದರು: ಕ್ಯಾಮೆರಾ ಬಹಳ ಹೊತ್ತು ತೆರೆದಿದ್ದರೆ ಫೋನು ತಾನಾಗಿ ಆರಿ ಮತ್ತೆ ಏಳಬಹುದು. ಮುರುಗೇಶ್ ಕಣ್ಣು ತೆರೆದರು. ಕೆಟ್ಟಿದ್ದನ್ನು ಹೇಳಿಕೊಂಡವರು ಸಿಕ್ಕಿದ್ದರು.

ಅವರು ಹೇಳಿದಂತೆ ನನ್ನ ಬೆರಳುಗಳು ಕೆಲಸ ಮಾಡಿದವು. ನಾನು ತಪ್ಪು ಒತ್ತಿದಾಗ ಅವರ ಗಂಟಲಿನಿಂದ ಒಂದು ಸದ್ದು ಬರುತ್ತಿತ್ತು. ಅದು ಬೈಗುಳವೋ, ನಗುವೋ, ಕಡವುಳೋ ನನಗೆ ತಿಳಿಯುತ್ತಿರಲಿಲ್ಲ. ಅಂತೂ ಫೋನು ಎದ್ದಿತು. ಚಿತ್ರಾ ಅದನ್ನು ಗಾಲಿಕುರ್ಚಿಗೆ ಬಿಗಿದ ಕಂಬಿಯ ತುದಿಗೆ ಸಿಕ್ಕಿಸಿ ಅವರ ಮುಖದೆದುರು ನಿಲ್ಲಿಸಿದರು. ಹುಬ್ಬು ಎದ್ದಿತು, ಇಳಿಯಿತು. ಬಹಳ ಹೊತ್ತಾದ ಮೇಲೆ ಫೋನಿನೊಳಗಿನ ಹೆಂಗಸಿನ ಧ್ವನಿ, "ಚಿತ್ರಾ ಕಾಫಿ" ಅಂದಿತು. ಚಿತ್ರಾ ಓಡಿದರು.

ಕೆಲವು ತಿಂಗಳು ಆ ಮನೆಯಲ್ಲಿ ಮತ್ತೆ ಮಾತಿತ್ತು. ಆದರೆ ಆ ರೋಗವೂ ಇತ್ತು, ಫೋನಿನದು. ವಾಕ್ಯದ ನಡುವೆ ಪರದೆ ಕಪ್ಪಾಗುತ್ತಿತ್ತು. ಫೋನು ಮತ್ತೆ ಏಳುವತನಕ ನಾವು ಮೂವರೂ ಕಾಯಬೇಕು. ಅಷ್ಟು ಹುಬ್ಬೆತ್ತಿ ಕೂಡಿಸಿದ್ದ ಅಕ್ಷರಗಳು ಹೋಗಿರುತ್ತಿದ್ದವು. ಮೊದಲಿಂದ ಶುರು. ಒಂದು ದಿನ ಧ್ವನಿ "ಸಕ್ರೆಬೈಲು" ಅಂದು ನಿಂತುಹೋಯಿತು. ಚಿತ್ರಾ ಕಣ್ಣೊರೆಸಿಕೊಂಡು, "ಆನೆ ನೋಡೋಕೆ ಹೋಗ್ಬೇಕಾ? ಹೋಗೋಣ ರೀ, ಕಾರು ಮಾಡಿಸ್ತೀನಿ, ಇವತ್ತೇ ಹೋಗೋಣ" ಅಂತ ಅವರ ಕೈ ಹಿಡಿದುಕೊಂಡರು. ಫೋನು ಎದ್ದ ಮೇಲೆ ಮುರುಗೇಶ್ ಬೆವರುತ್ತ ಪೂರ್ತಿ ಮಾಡಿದರು: "ಸಕ್ರೆಬೈಲಲ್ಲಿ ಆನೆ ಉಜ್ಜೋ ಹಾಗೆ ನನ್ನ ಉಜ್ತೀಯ." ಚಿತ್ರಾ ನಕ್ಕರು. ನಗುತ್ತಲೇ ಒಳಗೆ ಹೋದವರು ಬೇಗ ಹೊರಗೆ ಬರಲಿಲ್ಲ.

ಆಮೇಲೊಂದು ದಿನ ಚಿತ್ರಾ ಹೇಳದೆ ಕೇಳದೆ ಹೊಸ ಫೋನ್ ತಂದು ಕಂಬಿಗೆ ಸಿಕ್ಕಿಸಿದರು. ಮುರುಗೇಶ್ ಕಣ್ಣು ಮುಚ್ಚಿಕೊಂಡರು. ಸಂಜೆಯಾದರೂ ತೆರೆಯಲಿಲ್ಲ. ಚಿತ್ರಾ ನನಗೆ ಫೋನ್ ಮಾಡಿ, "ನೀವಾದ್ರೂ ಹೇಳಿ ಮೇಡಂ, ಈ ಹಠ ಯಾರ ಹತ್ರ?" ಅಂತ ಅತ್ತರು. ನಾನು ಹೋದೆ. ಅವರ ರೆಪ್ಪೆಗಳು ಮುಚ್ಚಿಯೇ ಇದ್ದವು. ಹಳೇ ಫೋನನ್ನೇ ತಿರುಗಿ ಸಿಕ್ಕಿಸಿ ಬಂದೆ.

ನನ್ನ ಕೈಲಾಗುವುದು ಒಂದೇ ಉಳಿದಿತ್ತು. ಆ ರಾಮ್ ಮಾಡಿದವರಿಗೆ ಬರೆದೆ. ಯಾವ ದೇಶವೋ, ಗಂಡೋ ಹೆಣ್ಣೋ, ಎಷ್ಟು ವಯಸ್ಸೋ ಗೊತ್ತಿಲ್ಲ. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ, ನಮ್ಮ ಸ್ನೇಹಿತರು ನಿಮ್ಮ ಕ್ಯಾಮೆರಾದಿಂದಲೇ ಮಾತಾಡುತ್ತಾರೆ, ಅದು ನಡುವೆ ನಿಂತರೆ ಅವರ ಮಾತೂ ನಿಲ್ಲುತ್ತದೆ ಅಂತ ತಿಳಿಸಿದೆ. ಉತ್ತರ ಬಂತು. ಫೋನು ಆರುವ ಹೊತ್ತಿನಲ್ಲಿ ಒಳಗೆ ಏನಾಯಿತು ಅಂತ ಫೋನೇ ದಾಖಲಿಸಿಕೊಂಡಿರುತ್ತದಂತೆ, ಅದನ್ನು ಕಳಿಸಲು ಕೇಳಿದ್ದರು. ಕಳಿಸಿದೆ. "ಆ ಮಾದರಿಯ ಫೋನು ಈಗ ನನ್ನ ಬಳಿ ಇಲ್ಲ, ನೋಡದೆಯೇ ಸರಿಮಾಡಬೇಕು, ಪ್ರಯತ್ನಿಸುತ್ತೇನೆ" ಅಂತ ಬರೆದರು. ಆಮೇಲೆ ಸುದ್ದಿಯಿಲ್ಲ. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಸಾರಿಗೆ ಒಗ್ಗರಣೆ ಹಾಕುತ್ತ ಫೋನ್ ನೋಡುತ್ತಲೇ ಇದ್ದೆ.

ಈ ನಡುವೆ ಮುರುಗೇಶರ ಹುಬ್ಬು ಸೋಲತೊಡಗಿತು. ಅವರು ಎತ್ತಿದ್ದು ನಮಗೆ ಕಾಣುತ್ತಿತ್ತು, ಕ್ಯಾಮೆರಾಗೆ ಕಾಣುತ್ತಿರಲಿಲ್ಲ. ಆಮೇಲೆ ನಮಗೂ ಕಾಣದಾಯಿತು. ಕಣ್ಣುಗುಡ್ಡೆಗಳು ಮಾತ್ರ ಉಳಿದವು. ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಇಲ್ಲ. ಚಿತ್ರಾ ಎದುರು ಕೂತು ಅಕ್ಷರಮಾಲೆ ಹೇಳುತ್ತ ಹೋಗುತ್ತಿದ್ದರು, ಬೇಕಾದ ಅಕ್ಷರ ಬಂದಾಗ ಕಣ್ಣು ಮೇಲೇಳುತ್ತಿತ್ತು.

ನಾನು ಅವರನ್ನು ಕೊನೆಯ ಸಲ ನೋಡಿದ ದಿನ ಸಿಹಿಸುದ್ದಿಯನ್ನೇ ತೆಗೆದುಕೊಂಡು ಹೋಗಿದ್ದೆ. ರಾಮ್‌ನ ಹೊಸ ಆವೃತ್ತಿ ಬಂದಿತ್ತು. ಏನೇನು ಬದಲಾಗಿದೆ ಅಂತ ಓದಿ ಹೇಳಿದೆ. "ಮುಂದಿನ ಕ್ಯಾಮೆರಾ ತೆರೆದಿದ್ದಾಗ ಫೋನು ಆರುತ್ತಿದ್ದ ತೊಂದರೆ ಸರಿಯಾಗಿದೆ" ಅನ್ನುವ ಸಾಲು ಬಂದಾಗ ತಲೆಯೆತ್ತಿ ಅವರನ್ನು ನೋಡಿದೆ. ಸರಿಯಾದ ಕ್ಯಾಮೆರಾ ನೋಡುವುದಾದರೂ ಏನನ್ನು? ಅವರ ಮುಖ ತೊಳೆದಿಟ್ಟ ತಟ್ಟೆಯ ಹಾಗೆ ಸುಮ್ಮನಿತ್ತು. ಓದಬಾರದಿತ್ತೇನೋ ಅನ್ನಿಸಿತು. ಕೇಳದೆ ಇರಲೂ ಆಗದೆ, "ಹಾಕೋಣವಾ ಸರ್?" ಅಂದೆ.

ಕಣ್ಣು ಥಟ್ಟನೆ ಮೇಲೆ ಹೋಯಿತು. ಹೌದು. ನಾನು ನೋಡಲಿಲ್ಲವೇನೋ ಅಂತ ಇನ್ನೊಮ್ಮೆ ಮೇಲೆ ಹೋಯಿತು.

"ಈ ಭಾನುವಾರ ಬಂದು ಹಾಕ್ತೀನಿ" ಅಂದೆ. ಗುರುವಾರ ಬೆಳಿಗ್ಗೆ ಉಸಿರಾಟ ಕೆಟ್ಟು ಆಸ್ಪತ್ರೆಗೆ ಸೇರಿಸಿದರು. ಶನಿವಾರ ಅವರು ಇರಲಿಲ್ಲ.

ಕರ್ಮಾಂತರವೆಲ್ಲ ಮುಗಿದ ಮೇಲೆ ಆ ಅಪರಿಚಿತರಿಂದ ಒಂದು ಸಂದೇಶ ಬಂತು: "ಹೊಸದು ಸರಿಯಾಗಿ ನಡೆಯುತ್ತಿದೆಯೇ? ಆ ಫೋನು ನನ್ನ ಬಳಿ ಇಲ್ಲದ ಕಾರಣ ನೀವೇ ಖಚಿತಪಡಿಸಬೇಕು." ನವುಲೆಗೆ ಹೋಗಿ ಚಿತ್ರಾ ಅವರಿಗೆ ತೋರಿಸಿದೆ. ಅವರು ಓದಿ, ಬೀರುವಿನಿಂದ ಫೋನ್ ತೆಗೆದು ಕೊಟ್ಟರು. "ಹಾಕಿ. ಅವ್ರು ಹೂಂ ಅಂದಿದ್ರಲ್ಲ."

ಹಾಕಿದೆ. ನನ್ನ ಬೆರಳುಗಳಿಗೆ ಈಗ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿತ್ರಾ ಫೋನನ್ನು ಮೇಜಿನ ಮೇಲೆ ಆನಿಸಿಟ್ಟು ಎದುರು ಕೂತರು. ಹುಬ್ಬು ಎತ್ತಿದರು. ಪರದೆಯ ಮೇಲೆ ಅಕ್ಷರವನ್ನು ಸುತ್ತುವರಿದಿದ್ದ ಪೆಟ್ಟಿಗೆ ಮುಂದಿನ ಅಕ್ಷರಕ್ಕೆ ಸರಿಯಿತು. ಮತ್ತೆ ಎತ್ತಿದರು. ಎಷ್ಟು ಹೊತ್ತು ಹಾಗೆ ಮಾಡಿದರೋ, ಬಿಸಿಲು ಹಾಲಿನ ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಯಿತು. ಫೋನು ಆರಲಿಲ್ಲ. "ಹಣೆ ನೋಯುತ್ತೆ ಮೇಡಂ ಇದು," ಅಂದರು ಕೊನೆಗೆ, ಹಣೆ ತಿಕ್ಕಿಕೊಳ್ಳುತ್ತ. "ಅವ್ರು ಒಂದು ದಿನವೂ ಹೇಳ್ಲಿಲ್ಲ."

ನಾನು ಬರೆದೆ: ಸರಿಯಾಗಿದೆ, ಒಮ್ಮೆಯೂ ನಿಲ್ಲಲಿಲ್ಲ, ಧನ್ಯವಾದ. ಬೇರೇನೂ ಬರೆಯಲು ಕೈ ಬರಲಿಲ್ಲ. ಆ ಕಡೆ ಕಾಯುತ್ತ ಕೂತಿದ್ದರೇನೋ, ತಕ್ಷಣ ಉತ್ತರ ಬಂತು.

"ಏನಂತೆ?" ಅಂದರು ಚಿತ್ರಾ.

"ತುಂಬಾ ಸಂತೋಷವಾಯ್ತಂತೆ. ಸರ್‌ಗೆ ನಮಸ್ಕಾರ ತಿಳಿಸಬೇಕಂತೆ."

ಚಿತ್ರಾ ಮೇಜಿನ ಮೇಲಿದ್ದ ಫೋನನ್ನು ಸೆರಗಿನಿಂದ ಒರೆಸಿದರು.

"ತಿಳಿಸ್ತೀವಿ ಅಂತ ಬರೀರಿ."