ಬೆನ್ನು ತುಂಬಿಸುವ ಇಂಜೆಕ್ಷನ್

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಅಥಣಿ ತಾಲೂಕಿನ ಹಳ್ಳಿಯೊಂದರಲ್ಲಿ ಪಶುವೈದ್ಯನಾಗಿದ್ದೆ. ಅಲ್ಲಿಯ ಸಂತೆಯಲ್ಲಿ ಹೋತವನ್ನು ತಕ್ಕಡಿಗೆ ಹಾಕುವುದಿಲ್ಲ. ಕೊಳ್ಳುವವನು ಬೆನ್ನಿನ ಮೇಲೆ ಬೆರಳೂರಿ ಹಿಡಿದು ನೋಡುತ್ತಾನೆ. ಬೆನ್ನು ತುಂಬಿದ್ದರೆ ವ್ಯಾಪಾರ ಕುದುರಿತು. ಆ ಬೆರಳಿಗೇ ಮೋಸ ಮಾಡಲು ಹೊರಟವರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಪಕ್ಕದ ಹಳ್ಳಿ ಅನಂತಪುರದ ಶೇವಂತಾ ಕಬ್ಬಿನ ಹೊಲದಲ್ಲಿ ಕೂಲಿ ಮಾಡುತ್ತ ನಾಲ್ಕಾರು ಹೋತ ಸಾಕಿದ್ದಳು. ಒಂದು ಬೆಳಿಗ್ಗೆ ಸತ್ತ ಹೋತವನ್ನು ಟಂಟಂ ರಿಕ್ಷಾದಲ್ಲಿ ಹಾಕಿಕೊಂಡು ಬಂದಳು. ಜೊತೆಗೆ ದಲ್ಲಾಳಿ ಬಾಬು. ಅವಳ ಹೋತಗಳಿಗೆಲ್ಲ ಮುಂಗಡ ಕೊಟ್ಟವನು ಅವನೇ.

"ಉಳಿದಾವಕ್ಕೂ ದಮ್ಮ ಹತ್ತೈತ್ರಿ ಡಾಕ್ಟರ್ರ," ಎಂದಳು.

ಕೊಯ್ದು ನೋಡಿದೆ. ಶ್ವಾಸಕೋಶದ ತುಂಬ ಕೀವು. ಮಾಂಸ ಬಿಳಚಿಕೊಂಡು ಒದ್ದೆ ಬಟ್ಟೆಯಂತಿತ್ತು. ಒತ್ತಿದರೆ ನೀರು ಇಳಿಯಿತು. ಇಂಥ ಮಾಂಸ ಪಾತ್ರೆಗೆ ಬಿದ್ದರೆ ನೀರು ಬಿಟ್ಟು ಕುಗ್ಗುತ್ತದೆ, ರುಚಿಯೂ ಇರುವುದಿಲ್ಲ.

"ಏನು ಚುಚ್ಚಿಸೀದಿ?"

"ಟಾನಿಕ್ ಅಂದಾನ್ರಿ ಬಾಬಣ್ಣ. ವಾರ ವಾರ ಅವನ ಬಂದು ಮಾಡ್ತಿದ್ದ," ಎಂದು ಖಾಲಿ ಬಾಟಲಿ ತೋರಿಸಿದಳು.

ಅದು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್. ಊತಕ್ಕೆ, ಅಲರ್ಜಿಗೆ ನಾವೇ ಬಳಸುವ ಔಷಧ. ಪದೇ ಪದೇ ಚುಚ್ಚಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ರೋಗ ತಡೆಯುವ ಶಕ್ತಿ ಹೋಗುತ್ತದೆ. ಬಾಬು ತುಂಬಿಸಿದ್ದು ಮಾಂಸವನ್ನಲ್ಲ, ನೀರನ್ನು.

ಇದನ್ನು ಹೇಳಿದಾಗ ಶೇವಂತಾ ಬಾಟಲಿ ಕೆಳಗಿಟ್ಟಳು. "ಮಗಳು ಬಾಣಂತಿ ಅದಾಳ್ರಿ. ಕಾಲ ಸೂಪ್ ಮಾಡಾಕ ನಾಡಿದ್ದ ಒಂದ ಹೋತ ಕೊಯ್ಯಸೂದೈತಿ. ನಡೀತೈತೇನ್ರಿ?"

ಬೇಡವೆಂದೆ. ಔಷಧ ಮೈಯಿಂದ ಪೂರ್ತಿ ಇಳಿಯುವವರೆಗೆ ಯಾವುದನ್ನೂ ಕೊಯ್ಯುವಂತಿಲ್ಲ.

ಬಾಬು ನಡುವೆ ಬಾಯಿ ಹಾಕಿದ. "ಹಂಗಾರ ಇವತ್ತ ಸಂತಿಗೆ ಹೊಡದ ಬಿಡ್ತೀನ್ರಿ. ಆರೋಗ್ಯ ಐತಿ ಅಂತ ಒಂದ ಚೀಟಿ ಬರದ ಕೊಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಮನ್ಯಾಗ ಇದನ್ನ ಉಣ್ತೀಯೇನಲೇ?"

ಅವನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. "ಮನಿಗೆ ಬ್ಯಾರೆ ಹೋತ ತಗದಿಟ್ಟೀನ್ರಿ. ಅದಕ್ಕ ಸೂಜಿ ಮುಟ್ಟಿಸಿಲ್ಲ."

ಶೇವಂತಾ ಅವನನ್ನೇ ನೋಡಿದಳು. "ಬಾಣಂತಿಗೆ ಸೂಪ್ ಮಾಡ್ತೀನಂತ ನಿನಗ ಹೇಳಿದ್ನಲ್ಲೋ ಬಾಬಣ್ಣ."

ಅವನು ಟಂಟಂ ಕಡೆ ನಡೆದ.

ಚೀಟಿ ಕೊಡಲಿಲ್ಲ. ಹೋತಗಳಿಗೆ ಚಿಕಿತ್ಸೆ ಕೊಟ್ಟೆ. ಇನ್ನೊಂದು ಸತ್ತಿತು, ಉಳಿದವು ಚೇತರಿಸಿಕೊಂಡವು. ದೂರು ಬರೆದು ಬಾಟಲಿ ಸಮೇತ ಮೇಲಿನವರಿಗೆ ಕಳಿಸಿದೆ. ನಾನು ನಿವೃತ್ತನಾಗುವವರೆಗೂ ಯಾರೂ ಬಂದು ಕೇಳಲಿಲ್ಲ. ಬಾಬು ಇಂದಿಗೂ ಸಂತೆಯಲ್ಲಿದ್ದಾನೆ.

ಜನರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಹೀಗಾಗುತ್ತದೆ ಎಂದು ನಾವು ಸಭೆಗಳಲ್ಲಿ ಭಾಷಣ ಬಿಗಿಯುತ್ತಿದ್ದೆವು. ಶುದ್ಧ ಸುಳ್ಳು. ಆ ಮಾಂಸ ಉಣ್ಣಬಾರದೆಂದು ಬಾಬುವಿಗೆ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು.