ಕೊನೇ ವರ್ಷದವರ ಟೀಮು

ಮೊನ್ನೆ ಬ್ರಹ್ಮಾವರದಲ್ಲಿ ಮ್ಯಾಚ್ ಮುಗಿಸಿ ವಾಪಸ್ ಬರುವಾಗ ಬಸ್ಸಿನ ಸೀಟಿನಡಿ ನುಗ್ಗಿ ಕೂರಬೇಕು ಅನ್ನಿಸಿತು. (ಎಕ್ಸ್‌ಪ್ರೆಸ್ ಬಸ್ಸು. ಅಲ್ಲೂ ಯಾರದೋ ಚೀಲ ಇತ್ತು.)

ನಾನು ಇಂಗ್ಲಿಷ್ ಮೇಷ್ಟ್ರು ಎಂಬುದು ನಿಮಗೆ ಗೊತ್ತು. ಕುಂದಾಪುರದ ನಮ್ಮ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮಿನ ಉಸ್ತುವಾರಿಯೂ ನನ್ನದೇ. ನಮ್ಮಲ್ಲೊಂದು ಪದ್ಧತಿ: ಆಡುವ ಜಾಗ ಮೊದಲು ಕೊನೇ ವರ್ಷದವರಿಗೆ, ಉಳಿದವರಿಗೆ ಬೆಂಚು. ಪಾಪ, ಅವರಿಗಿದು ಕೊನೇ ಚಾನ್ಸು ಎಂಬ ಕನಿಕರ. ಅದಕ್ಕೆ ನಾನಿಟ್ಟ ಗಂಭೀರ ಹೆಸರು 'ಅನುಭವ'.

ಎದುರಾಳಿ ಟೀಮಿನಲ್ಲಿ ಅರ್ಧಕ್ಕರ್ಧ ಫಸ್ಟ್ ಇಯರ್ ಹುಡುಗಿಯರು. ನೋಡಿ ಒಳಗೊಳಗೇ ನಕ್ಕಿದ್ದೆ. ನಮ್ಮವರೋ, ಬಾಲು ಕೈಗೆ ಬಂದರೆ ಯಾರಿಗೆ ಕೊಡುವುದೆಂದೇ ತಿಳಿಯದೆ ನಿಂತರು. ಸೋತೆವು, ಹೀನಾಯವಾಗಿ. ನಮ್ಮದೇ ಫಸ್ಟ್ ಇಯರಿನ ಶ್ವೇತಾ, ಪಿಯುಸಿಯಲ್ಲೇ ಜಿಲ್ಲಾ ಟೀಮಿಗೆ ಆಡಿದ ಮರವಂತೆಯ ಹುಡುಗಿ, ಪೂರಾ ಹೊತ್ತು ಬೆಂಚಲ್ಲೇ ಇದ್ದಳು.

ಬಸ್ಸು ಹೊರಟದ್ದೇ ಕ್ಯಾಪ್ಟನ್ ಸುಷ್ಮಾಳಿಗೆ ಬೈಯಲು ಶುರುಮಾಡಿದೆ. ಇಡೀ ಬಸ್ಸಿಗೆ ಕೇಳುವಂತೆ. ಮೂರು ವರ್ಷ ಟೀಮಲ್ಲಿದ್ದೂ ಒಂದು ಪಾಸ್ ಕೊಡಲು ಬರುವುದಿಲ್ಲವಾ, ಆ ಅನುಭವವೆಲ್ಲ ಎಲ್ಲಿ ಹೋಯಿತು ಎಂದೆ.

ಅವಳು ತಲೆ ತಗ್ಗಿಸಿಯೇ ಹೇಳಿದಳು: "ಇದ್ ನಂಗೆ ಮೊದ್ಲನೇ ಮ್ಯಾಚ್ ಸರ್. ಇಷ್ಟ್ ವರ್ಷ ನೀವೇ ಅಲ್ದಾ ಬೆಂಚಲ್ ಕೂರ್ಸದ್ದ್?"

ಕಂಡಕ್ಟರ್ ಕೂಡ ತಿರುಗಿ ನನ್ನ ಮುಖ ನೋಡಿದ.

ಹೌದಲ್ಲ! ಅವಳು ಫಸ್ಟ್ ಇಯರಲ್ಲಿದ್ದಾಗ ಆಡಿದ್ದು ಸೀನಿಯರ್ಸು. ಸೆಕೆಂಡ್ ಇಯರಲ್ಲೂ ಅಷ್ಟೇ. ಒಂದು ನಿಮಿಷಕ್ಕೂ ಅವಳನ್ನು ಆಟಕ್ಕೆ ಇಳಿಸಿರಲಿಲ್ಲ. ನನ್ನ 'ಅನುಭವಿ'ಗಳಿಗೆಲ್ಲ ಇದ್ದದ್ದು ಕೂತು ನೋಡಿದ ಅನುಭವ. ವರ್ಷ ವರ್ಷವೂ ನಾನು ಇಳಿಸಿದ್ದು ಹೊಸಬರನ್ನೇ, ಎರಡು ವರ್ಷ ತಡವಾಗಿ! ಸೀಟಿನಡಿ ನುಗ್ಗಬೇಕು ಅನ್ನಿಸಿದ್ದು ಆಗಲೇ. ನಮ್ಮ ಸಂಘ, ಸಮಿತಿಗಳಲ್ಲೂ ಹೀಗೇ ಅಲ್ಲವೇ? ಕಾದವರಿಗೆ ಕುರ್ಚಿ ಕೊಡುತ್ತೇವೆ, ಅಲ್ಲಿಯವರೆಗೆ ಕೆಲಸ ಕಲಿಸಿರುತ್ತೇವಾ?

ಕೋಟ ದಾಟಿದ ಮೇಲೆ ಸುಷ್ಮಾಳೇ ನನ್ನ ಸೀಟಿನ ಹತ್ತಿರ ಬಂದಳು. ವರ್ಷಕ್ಕೆ ನಮಗೆ ಸಿಗುವುದೇ ಎರಡು ಮ್ಯಾಚು, ಇನ್ನು ಉಳಿದಿರುವುದು ಬೈಂದೂರಿನದೊಂದೇ.

"ಬೈಂದೂರ್ ಮ್ಯಾಚಿಗೆ ನನ್ ಬದ್ಲಿ ಶ್ವೇತನ್ನ ಆಡ್ಸಿ ಸರ್. ಅವ್ಳ್ ನನ್ಕಿಂತ ಲಾಯ್ಕ್ ಆಡ್ತಳ್."

ಆಯ್ತು ಎಂದೆ. ಟೀಮಿನ ಮಟ್ಟಿಗೆ ಅದೇ ಸರಿ. ಆದರೆ ಮೂರು ವರ್ಷ ಕಾದ ಹುಡುಗಿಗೆ ಸಿಕ್ಕಿದ್ದು ಒಂದೇ ಮ್ಯಾಚು, ಅದಕ್ಕೂ ನನ್ನಿಂದ ಬೈಸಿಕೊಂಡಳು.